ಜೀಪಿನ ಮೇಲೊಂದು ಲೋಟ ಟೀ

ಬಂಗಾರಪೇಟೆ ಸ್ಟೇಷನ್ನಿನಿಂದ ನನ್ನನ್ನು ಕರೆದೊಯ್ಯಲು ಗೆಳೆಯ ಮುನಿರಾಜು, ಹೆಂಡತಿ ರತ್ನಮ್ಮನವರ ಜೊತೆ ತನ್ನ ಹಳೆಯ ಜೀಪಿನಲ್ಲಿ ಬಂದಿದ್ದ. ಅದರ ಪೆಟ್ರೋಲ್ ಇಂಜಿನ್ ತೆಗೆಸಿ ಡೀಸೆಲ್ ಇಂಜಿನ್ ಕೂರಿಸಿದ್ದಾನೆ. ಎಂಥ ಕಲ್ಲುದಾರಿಯನ್ನೂ ಸಲೀಸಾಗಿ ಹತ್ತುತ್ತದೆ. ಇಂಜಿನ್ ಆರಿಸದೆ ನಿಲ್ಲಿಸಿದರೆ ಮಾತ್ರ ಸೀಟಿನ ಸಮೇತ ಗಡಗಡ ನಡುಗುತ್ತದೆ. ದಾರಿಯಲ್ಲಿ ಆಂಡರ್ಸನ್‌ಪೇಟೆಯ ಟೀ ಅಂಗಡಿಯ ಮುಂದೆ ನಿಲ್ಲಿಸಿದಾಗ ರತ್ನಮ್ಮ ಇಳಿದೇಬಿಟ್ಟರು.

"ಸೊಂಟ ಬಿದ್ದೋಯ್ತು ಕಣ್ರೀ. ನಾನು ಬಸ್ಸಲ್ಲೇ ಬತ್ತೀನಿ. ಈ ಗಾಡಿ ಮಾರಾಕ್ಬುಡಿ."

ಮುನಿರಾಜುವಿನ ಮುಖ ಸಣ್ಣದಾಯಿತು. "ಒಂದ್ ಗಳಿಗೆ ಇರೇ," ಎಂದು ಬಾನೆಟ್ ಎತ್ತಿ, ಓಡುತ್ತಿದ್ದ ಇಂಜಿನ್ನಿನ ವೇಗ ಹೊಂದಿಸುವ ಡೀಸೆಲ್ ಪಂಪಿನ ಸ್ಕ್ರೂವನ್ನು ಕೂದಲೆಳೆಯಷ್ಟು ತಿರುಗಿಸಿದ. ಬಾನೆಟ್ ಮುಚ್ಚಿ, ನಡುಕ ತಗ್ಗಿತೇ ಎಂದು ನೋಡಲು ಅದರ ಮೇಲೆ ತುಂಬಿದ ಟೀ ಲೋಟ ಇಟ್ಟ. ಟೀ ಚೆಲ್ಲಿತು. ಮತ್ತೆ ತಿರುಗಿಸಿದ, ಮತ್ತೆ ಚೆಲ್ಲಿತು.

"ಇನ್ನೊಂಚೂರು ಅಣ್ಣಾ!" ಎಂದು ನಗುತ್ತಾ ಅಂಗಡಿಯಾತ ಲೋಟ ತುಂಬಿಕೊಟ್ಟ.

ಈ ಸಲ ಟೀ ಮೇಲೆ ಸಣ್ಣ ಅಲೆಗಳೆದ್ದವು, ಹನಿಯೂ ಹೊರಗೆ ಬೀಳಲಿಲ್ಲ. ನಾವೆಲ್ಲ ರತ್ನಮ್ಮನವರ ಮುಖ ನೋಡಿದೆವು. ಅವರು ಲೋಟವನ್ನೆತ್ತಿಕೊಂಡು ನಿಧಾನವಾಗಿ ಕುಡಿದು ಮುಗಿಸಿದರು. ಆಮೇಲೆ ಸೆರಗು ಸಿಕ್ಕಿಸಿಕೊಂಡು ಡ್ರೈವರ್ ಸೀಟಿಗೆ ಹತ್ತಿದರು.

"ನೀವು ಆ ಕಡೆ ಕುಂತ್ಕಳಿ. ಮಾರೋದಾ ಬ್ಯಾಡ್ವಾ ಅಂತ ನಾನೇ ಓಡ್ಸಿ ನೋಡಿ ಯೋಳ್ತೀನಿ."