ಅಜ್ಜಿ ಗೊಂಬೆ ಕೂರದ ಗುಳಿ

ನನ್ನ ನಿವೃತ್ತಿಗೆ ಎರಡು ವರ್ಷ ಉಳಿದಿದ್ದಾಗಿನ ಮಾತಿದು. ಆಗ ಹಾಸನದಲ್ಲಿ ಮರದ ಆಟಿಕೆ ತಯಾರಿಸುವ ಸಂಸ್ಥೆಯೊಂದರಲ್ಲಿ ಹಿರಿಯ ವಿನ್ಯಾಸಕಿಯಾಗಿದ್ದೆ. ಅಂಗನವಾಡಿಗಳಿಗಾಗಿ ‘ನಮ್ಮ ಮನೆ’ ಎಂಬ ಆಟಿಕೆ ರೂಪಿಸಿದ್ದೆ. ಹಲಗೆಯ ಮೇಲೆ ಮನೆಯ ಚಿತ್ರ, ಅದರಲ್ಲಿ ನಾಲ್ಕು ಗುಳಿ, ಅವುಗಳಲ್ಲಿ ನಿಲ್ಲಿಸಲು ಹಾಲೆಮರದ ನಾಲ್ಕು ಗೊಂಬೆ. ಬಾಗಿಲಲ್ಲಿ ಅಪ್ಪ, ಜಗಲಿಯಲ್ಲಿ ಅಜ್ಜಿ, ಚಾಪೆಯ ಮೇಲೆ ಮಗು, ಮಗುವಿನ ಪಕ್ಕ ಅಮ್ಮ. ಅಮ್ಮನ ಬುಡ ಇಪ್ಪತ್ತು ಮಿಲಿಮೀಟರ್, ಅಜ್ಜಿಯದು ಇಪ್ಪತ್ತನಾಲ್ಕು. ಗುಳಿಗಳೂ ಅದಕ್ಕೆ ತಕ್ಕಂತೆ. ದೊಡ್ಡ ಗೊಂಬೆ ಚಿಕ್ಕ ಗುಳಿಗೆ ಇಳಿಯದು, ಚಿಕ್ಕದು ದೊಡ್ಡದರಲ್ಲಿ ನಿಲ್ಲದು. ಇದಕ್ಕೆ ನಮ್ಮಲ್ಲಿ ‘ಸೆಲ್ಫ್ ಕರೆಕ್ಟಿಂಗ್’ ಎನ್ನುತ್ತೇವೆ. ತಪ್ಪನ್ನು ಆಟಿಕೆಯೇ ಮಗುವಿಗೆ ತೋರಿಸಿಕೊಡುತ್ತದೆ. ಈ ವಿನ್ಯಾಸದ ಬಗ್ಗೆ ನನಗೆ ಸ್ವಲ್ಪ ಜಂಬವೂ ಇತ್ತು.

ಪ್ರಯೋಗಕ್ಕೆಂದು ಬಾಗೂರಿನ ಹತ್ತಿರದ ಒಂದು ಅಂಗನವಾಡಿಗೆ ಹೋದೆ. ನಾಲ್ಕು ವರ್ಷದ ಚಂದನಾ ಅಪ್ಪನನ್ನೂ ಮಗುವನ್ನೂ ಸರಿಯಾಗಿ ಇಟ್ಟಳು. ಆಮೇಲೆ ಅಜ್ಜಿಯನ್ನು ಎತ್ತಿಕೊಂಡು ಅಮ್ಮನ ಗುಳಿಗೆ ಒತ್ತತೊಡಗಿದಳು. ಇಳಿಯಲಿಲ್ಲ. ತಿರುಗಿಸಿ ಒತ್ತಿದಳು, ಮುಷ್ಟಿಯಿಂದ ಗುದ್ದಿದಳು. ನನಗೆ ಮೊದಲೇ ತಾಳ್ಮೆ ಕಡಿಮೆ. “ಅದಲ್ಲ ಪುಟ್ಟಿ, ಅಲ್ಲಿ ಅಮ್ಮನ್ನ ಇಡ್ಬೇಕು” ಎಂದು ಅಮ್ಮನ ಗೊಂಬೆಯನ್ನು ಅವಳ ಕೈಗೆ ತುರುಕಿದೆ.

ಅವಳು ಅದನ್ನು ಕೆಳಗಿಟ್ಟಳು. “ನಮ್ಮನೇಲಿ ಅಜ್ಜಿನೇ ಮನಿಕಳದು ನನ್ ಪಕ್ಕ” ಎಂದಳು.

ಅಂಗನವಾಡಿ ಟೀಚರ್ ಲಕ್ಷ್ಮಮ್ಮ ನನ್ನನ್ನು ಬಾಗಿಲ ಬಳಿಗೆ ಕರೆದರು. “ಅವ್ರವ್ವ ತೀರ್ಕಂಡು ಮೂರ್ ತಿಂಗ್ಳಾಯ್ತು ಮೇಡಂ. ಅವತ್ತಿಂದ ಅಜ್ಜಿ ಸೆರಗ್ ಇಡ್ಕಂಡೇ ಮನಿಕತಾಳೆ.”

ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ. ತನ್ನ ಮನೆಯನ್ನು ಇದ್ದ ಹಾಗೆ ತೋರಿಸಲು ಹೊರಟ ಮಗುವಿಗೆ ನನ್ನ ಮರದ ತುಂಡು ತಪ್ಪು ಎಂದಿತ್ತು, ನಾನೂ ಅದಕ್ಕೆ ದನಿಗೂಡಿಸಿದ್ದೆ. ಹಿಂದಿರುಗುವಾಗ ಬಸ್ಸು ಚನ್ನರಾಯಪಟ್ಟಣ ದಾಟಿದ್ದೂ ಗೊತ್ತಾಗಲಿಲ್ಲ.

ಮಾರನೆಯ ದಿನ, ಲೇತ್ ಮೇಲೆ ಗೊಂಬೆ ಕಡೆಯುವ ಪುಟ್ಟಸ್ವಾಮಿಯವರಿಗೆ ಎಲ್ಲ ಬುಡಗಳನ್ನೂ ಗುಳಿಗಳನ್ನೂ ಒಂದೇ ಅಳತೆಗೆ ತರಲು ಹೇಳಿದೆ. ಅವರು ತಲೆ ಕೆರೆದುಕೊಂಡರು. “ಅಂಗಾದ್ರೆ ಸರಿ ಯಾವ್ದು, ತಪ್ ಯಾವ್ದು ಅಂತ ಎಂಗ್ ಗೊತ್ತಾಗದು ಮೇಡಂ?”

“ಮನೆ ಮಕ್ಕಳದು. ಅವ್ರೇ ಹೇಳ್ಲಿ” ಎಂದೆ.

ಅದಾಗಲೇ ಕಡೆದಿಟ್ಟಿದ್ದ ಗೊಂಬೆಗಳೆಲ್ಲ ವ್ಯರ್ಥವಾದವು. ಮೇಲಿನವರಿಂದ ಚೆನ್ನಾಗಿ ಬೈಸಿಕೊಂಡೆ.

ಹದಿನೈದು ದಿನ ಬಿಟ್ಟು ಹೊಸ ಹಲಗೆಯೊಂದಿಗೆ ಮತ್ತೆ ಹೋದೆ. ಚಂದನಾ ಅಜ್ಜಿಯನ್ನು ಮಗುವಿನ ಪಕ್ಕದ ಗುಳಿಗೆ ಇಟ್ಟಳು. ಸಲೀಸಾಗಿ ಇಳಿಯಿತು. ಅಮ್ಮನ ಗೊಂಬೆ ಕೈಯಲ್ಲಿ ಉಳಿಯಿತು. ಜಗಲಿಯ ಗುಳಿ ಖಾಲಿಯಿದ್ದರೂ ಅಲ್ಲಿಡಲಿಲ್ಲ. ಹಲಗೆಯ ಹೊರಗೆ, ನೆಲದ ಮೇಲೆ ಅದನ್ನು ಮಲಗಿಸಿದಳು. ತನ್ನ ಲಂಗದ ಅಂಚನ್ನು ಎಳೆದು ಅದಕ್ಕೆ ಹೊದಿಸಿ, ಎಲ್ಲಿ ಎಚ್ಚರವಾಗುತ್ತದೋ ಎಂಬಂತೆ ಅಲುಗದೆ ಕೂತಳು. ಲಕ್ಷ್ಮಮ್ಮ ಕಣ್ಣೊರೆಸಿಕೊಂಡರು. ನಾನೂ ಅತ್ತೆ.

ಮಗು ಏನು ಕಲಿಯಬೇಕೆಂದು ಮೂವತ್ತು ವರ್ಷ ನಾನೇ ತೀರ್ಮಾನಿಸಿದ್ದೆ. ಉಳಿದ ಎರಡು ವರ್ಷದಲ್ಲಿ, ಮಕ್ಕಳ ಮುಂದೆ ಆಟಿಕೆ ಇಟ್ಟಮೇಲೆ ಬಾಯಿ ಮುಚ್ಚಿಕೊಂಡು ಪಕ್ಕದಲ್ಲಿ ಕೂರುವುದನ್ನು ನಾನು ಕಲಿತೆ.