ಗೊರಕೆಯವಳಿಗೆ ಬಾಡಿಗೆ ಕೋಣೆ

ನಮ್ಮ ಬೀದಿಯಲ್ಲಿ ಬಾಡಿಗೆಗಿದ್ದ ಆ ಹುಡುಗಿಯ ಗೊರಕೆಯ ಬಗ್ಗೆ ನಾನು ಹೇಳುವುದರಲ್ಲಿ ಅರ್ಧ ಕಳೆದು ಕೇಳಿ, ಬೇಜಾರಿಲ್ಲ. ಉಳಿದರ್ಧಕ್ಕೇ ನಿಮ್ಮ ಮನೆಯ ಕಿಟಕಿ ಗಾಜು ಅಲ್ಲಾಡುತ್ತದೆ.

ಅವಳು ಹುಟ್ಟಿ ಬೆಳೆದದ್ದು ಕರೆಂಟು ಮಗ್ಗದ ಶೆಡ್ಡಿಗೆ ಬೆನ್ನು ಕೊಟ್ಟ ಒಂದೇ ಕೋಣೆಯ ಮನೆಯಲ್ಲಿ. ಹಗಲು ಪಾಳಿ ಅಪ್ಪನದು, ರಾತ್ರಿ ಪಾಳಿ ಚಿಕ್ಕಪ್ಪನದು. ಮಗ್ಗಗಳಿಗೆ ಮಾತ್ರ ಪಾಳಿಯೂ ಇಲ್ಲ, ರಜೆಯೂ ಇಲ್ಲ. ಗೋಡೆಯಾಚೆ ಲಾಳಿಗಳು ಬಡಿದುಕೊಳ್ಳುವ ರಭಸಕ್ಕೆ ಡಬ್ಬದೊಳಗಿನ ಸಕ್ಕರೆ ತಾನೇ ತಾನಾಗಿ ಪುಡಿಯಾಗುತ್ತಿತ್ತಂತೆ. ನಾವು ಜಗಳ ಅನ್ನುವುದಕ್ಕೆ ಆ ಮನೆಯಲ್ಲಿ ಪಿಸುಮಾತು ಅನ್ನುತ್ತಿದ್ದರು. ಕೂಗಿಯೂ ಮುಟ್ಟದ ಮಾತಿಗೆ ಕೈಸನ್ನೆ. ಎರಡು ಬೆರಳು ಕತ್ತರಿಯಂತೆ ಆಡಿಸಿದರೆ ಎಳೆ ಹರಿದಿದೆ ಅಂತ, ಕೆನ್ನೆಗೆ ಅಂಗೈ ಇಟ್ಟರೆ ಹೋಗಿ ಮಲಗು ಅಂತ. ಅಮ್ಮ ಮಗಳನ್ನು ಕರೆಯಬೇಕಾದರೆ ನೂಲು ಮುಗಿದ ಕಂಡಿಕೆಯೊಂದನ್ನು ಅವಳ ಬೆನ್ನಿಗೆ ಎಸೆಯುತ್ತಿದ್ದಳು. ಅತ್ತಿಂದಿತ್ತ ಒಂದೇ ಸಮನೆ ಓಡುತ್ತಿದ್ದ ಆ ಮಗಳಿಗೆ ಮನೆಯವರು ಇಟ್ಟ ಅಡ್ಡಹೆಸರು ಲಾಳಿ.

ಲಾಳಿಗೆ ವಿಶ್ವವಿದ್ಯಾಲಯದಲ್ಲಿ ಸೀಟು ಸಿಕ್ಕಿತು. ಆ ಮನೆತನದಲ್ಲಿ ಅದುವರೆಗೆ ಶಾಲೆಯ ಕಾಂಪೌಂಡು ದಾಟಿ ಮುಂದಕ್ಕೆ ಹೋದವರೇ ಇರಲಿಲ್ಲ. ಅಮ್ಮ ಹಾಸ್ಟೆಲಿಗೆ ಬಂದು ವಾರ್ಡನ್ ಕೈ ಹಿಡಿದುಕೊಂಡು, ಇಡೀ ಕಟ್ಟಡಕ್ಕೆ ಕೇಳುವಂತೆ ಹೇಳಿದಳು: "ನನ್ ಮಗಳು ಮಲಗಿದ್ರೆ ಸತ್ತೋರ ಹಾಗೆ ಮೇಡಂ. ಉಸಿರಾಡಿದ್ದೂ ಗೊತ್ತಾಗಲ್ಲ."

ಅದು ಸುಳ್ಳಲ್ಲ. ಆ ಮನೆಯಲ್ಲಿ ಆನೆ ಮಲಗಿದ್ದರೂ ಉಸಿರಾಡಿದ್ದು ಗೊತ್ತಾಗುತ್ತಿರಲಿಲ್ಲ.

ಹಾಸ್ಟೆಲಿನಲ್ಲಿ ಅವಳು ಕಣ್ಣು ಮುಚ್ಚಿದ ಮೊದಲ ದಿನವೇ ಗೋಡೆಯ ಹಲ್ಲಿ ಕೈಬಿಟ್ಟು ಕೆಳಗೆ ಬಿತ್ತು. ಎದ್ದು ಹೋದದ್ದು ಮತ್ತೆ ಬರಲಿಲ್ಲ. ಜೊತೆಯ ಹುಡುಗಿಯರು ಕಿವಿಗೆ ಹತ್ತಿ ತುರುಕಿದರು, ದಿಂಬು ಕಟ್ಟಿಕೊಂಡರು, ಕೊನೆಗೆ ಅವಳನ್ನು ಮಂಚದ ಸಮೇತ ಎತ್ತಿ ಹೊರಗಿಟ್ಟರು. ಎಚ್ಚರವಾದಾಗ ಲಾಳಿ ಸೈಕಲ್ ಸ್ಟ್ಯಾಂಡಿನಲ್ಲಿದ್ದಳು. ಯಾರೋ ಅವಳ ಮಂಚದ ಕಾಲಿಗೆ ಸೈಕಲ್ ಒರಗಿಸಿ ಬೀಗ ಹಾಕಿಕೊಂಡು ಹೋಗಿದ್ದರು.

"ನಂಗೆ ಗೊರಕೆನಾ?" ಅಂತ ಅವಳು ಕೇಳಿದಳಂತೆ. ತನಗೊಂದು ಬಾಲವಿದೆ ಅಂತ ಯಾರಾದರೂ ಹೇಳಿದ್ದರೆ ಬೇಗ ನಂಬುತ್ತಿದ್ದಳು.

ಅಲ್ಲಿಂದ ಶುರುವಾಯಿತು ಕೋಣೆಗಳ ಹುಡುಕಾಟ. ಒಂದು ಕಡೆ ಗೋಡೆ ತೆಳ್ಳಗೆ, ಇನ್ನೊಂದು ಕಡೆ ಪಕ್ಕದ ಮನೆಯಲ್ಲಿ ಹಸುಗೂಸು. ಮತ್ತೊಂದು ಕಡೆ ಮನೆ ಒಡೆಯನಿಗೆ ರಕ್ತದೊತ್ತಡ. ಇವಳು ಅಲ್ಲಿ ಸೇರಿದ ಮೇಲೆ ಅದು ಮನೆಯವರಿಗೆಲ್ಲ ಬಂತು. ಲಾಳಿ ಅಂಗಾತ ಮಲಗದಿರಲೆಂದು ರವಿಕೆಯ ಬೆನ್ನಿಗೆ ಮರದ ಕಂಡಿಕೆ ಹೊಲಿದುಕೊಂಡಳು. ಗದ್ದಕ್ಕೆ ದುಪಟ್ಟ ಬಿಗಿದುಕೊಂಡಳು. ಕುಳಿತೇ ಮಲಗಲು ನೋಡಿದಳು. ಹೀಗೆ ನಿದ್ದೆಗೆಟ್ಟು ತರಗತಿಗೆ ಹೋದರೆ ಅಲ್ಲಿ ಕಣ್ಣು ಮುಚ್ಚುತ್ತಿತ್ತು. ಮೇಷ್ಟರು ಮೇಲೆ ವಿಮಾನ ಹಾರುತ್ತಿದೆಯೆಂದು ಪಾಠ ನಿಲ್ಲಿಸಿ ಕಾಯುತ್ತಿದ್ದರು. ಪರೀಕ್ಷೆ ಹತ್ತಿರ ಬರುತ್ತಿತ್ತು. ಪುಸ್ತಕ ತೆರೆದರೆ ಅಕ್ಷರಗಳು ಇರುವೆಗಳಂತೆ ಹರಿದಾಡುತ್ತಿದ್ದವು.

ಹಾಗೆ ಅಲೆದು ಅವಳು ಬಂದು ಸೇರಿದ್ದು ನಮ್ಮ ಬೀದಿಗೆ, ಟೀಚರಮ್ಮನ ಮನೆಯ ಮಹಡಿ ಕೋಣೆಗೆ. ಟೀಚರಮ್ಮ ನಿವೃತ್ತರಾಗಿದ್ದರೂ ಅವರನ್ನು ಕಂಡರೆ ಬೀದಿಯ ದೊಡ್ಡ ಗಂಡಸರು ಈಗಲೂ ಅಂಗಿಯ ಗುಂಡಿ ಹಾಕಿಕೊಳ್ಳುತ್ತಾರೆ. ವಾರ ಪೂರ್ತಿ ಅವರು ಹಲ್ಲು ಕಚ್ಚಿ ಸಹಿಸಿದರು. ಆಮೇಲೆ ಹುಡುಗಿಯನ್ನು ಕರೆದು ಕೂರಿಸಿಕೊಂಡು ಹೇಳಿದರು: "ನೋಡು ಮಗು, ನೀನು ಒಳ್ಳೆಯವಳೇ. ಆದ್ರೆ ನಿನ್ನ ಮೂಗು ಒಳ್ಳೇದಲ್ಲ. ಭಾನುವಾರದೊಳಗೆ ಬೇರೆ ಕಡೆ ನೋಡ್ಕೋ."

ಲಾಳಿ ಮನೆಗೆ ಫೋನು ಮಾಡಿ ಅಮ್ಮನಿಗೆ ಹೇಳಿದಳು. ಅತ್ತ ಕಡೆಯಿಂದ ಅಪ್ಪ ಗುಡುಗಿದ್ದು ಎದುರು ಮನೆಯಲ್ಲಿದ್ದ ನನಗೂ ಕೇಳಿಸಿತು. "ಹುಟ್ಟಿದಾಗಿಂದ ಒಂದೇ ಕೋಣೇಲಿ ಮಲಗಿದ್ದೀವಿ, ಒಂದಿನಾನೂ ಕೇಳಿಲ್ಲ ನಾನು. ಅವ್ರು ಸುಳ್ಳು ಹೇಳ್ತಿದ್ರೆ ಅಲ್ಲೇ ಬಂದು ವಿಚಾರಿಸ್ಕೋತೀನಿ. ನಿಜಾನೇ ಆದ್ರೆ ಗಂಟು ಕಟ್ಟು, ಮನೆಗೆ ನಡಿ. ಮಗ್ಗದ ಮುಂದೆ ಜಾಗ ಐತೆ. ಊರೋರ ಹತ್ರ ಛೀ ಥೂ ಅನ್ನಿಸ್ಕೊಂಡು ಓದೋದೇನೂ ಬೇಡ."

ಹೋದರೆ ಓದು ಅಲ್ಲಿಗೆ ಮುಗಿದಂತೆ. ಇರೋಣವೆಂದರೆ ತಲೆಯಿಡಲು ಜಾಗವಿಲ್ಲ.

ಸೋತ ತಲೆಯಲ್ಲೇ ಅವಳಿಗೊಂದು ಯೋಚನೆ ಹೊಳೆಯಿತು. ಇಷ್ಟು ದಿನ ನಿಶ್ಶಬ್ದ ಮನೆಗಳನ್ನು ಹುಡುಕಿದ್ದೇ ತಪ್ಪು. ಅವಳು ಸದ್ದು ಹುಡುಕಿಕೊಂಡು ಹೊರಟಳು. ಬೀದಿಯ ಕೊನೆಗಿದ್ದ ಐಸ್ ಫ್ಯಾಕ್ಟರಿಯ ಮೇಲೆ, ಗಡಗಡ ಎನ್ನುವ ಯಂತ್ರದ ನೆತ್ತಿಗೇ ಸರಿಯಾಗಿ ಒಂದು ಕೋಣೆ ಖಾಲಿಯಿತ್ತು. ಅಲ್ಲಿ ನಿಂತವರ ಹಲ್ಲುಗಳು ಒಂದಕ್ಕೊಂದು ಮಾತಾಡುತ್ತಿದ್ದವು. ಲಾಳಿ ನೋಡಿ ಬರುತ್ತೇನೆಂದು ಒಳಗೆ ಹೋದವಳು ಗೋಡೆಗೊರಗಿ ಕುಳಿತಳು, ಕುಳಿತಲ್ಲೇ ನಿದ್ದೆ ಹೋದಳು. ಸಂಜೆ ಅಲ್ಲಿನ ಮೇಸ್ತ್ರಿ ನೀರು ಚಿಮುಕಿಸಿ ಎಬ್ಬಿಸಬೇಕಾಯಿತು.

"ಗೊರಕೆ ಕೇಳಿಸ್ತಾ ಅಣ್ಣಾ?" ಅಂದಳು ಅವಳು, ಗಾಬರಿಯಿಂದ.

"ಏನು?" ಅಂದ ಮೇಸ್ತ್ರಿ. "ಜೋರಾಗಿ ಹೇಳಮ್ಮಾ."

ಅವಳಿಗೆ ಅಳುವಷ್ಟು ಸಂತೋಷವಾಯಿತು. "ಒಂಟಿ ಹುಡುಗಿ ನೀನು, ನಿಮ್ಮಪ್ಪ ಬಂದು ಒಂದು ಮಾತು ಹೇಳಿದ್ರೆ ನಾಳೇನೇ ಬಾ" ಅಂದ ಮೇಸ್ತ್ರಿ.

ಅಪ್ಪ ಬಂದ. ಆದರೆ ಮಗಳ ಮಾತು ಕೇಳುವ ಮೊದಲೇ ಟೀಚರಮ್ಮನ ಗೇಟು ಹಿಡಿದು ನಿಂತ. ಮೊದಲು ಮಾನ, ಆಮೇಲೆ ಮನೆ. "ಅಮ್ಮಾವ್ರೇ, ಹೆಣ್ಮಗಳ ಮೇಲೆ ಇಲ್ಲದ್ದು ಹೊರಿಸಬಾರ್ದು. ನಾಳೆ ಮದುವೆ ಆಗಬೇಕಾದೋಳು."

"ನಾನ್ಯಾಕಪ್ಪಾ ಹೊರಿಸ್ಲಿ? ನನ್ನ ಕಣ್ಣು ನೋಡು, ಹೇಗೆ ಊದಿದೆ."

"ಇವತ್ತು ನಾನೇ ಅವಳ ಕೋಣೆ ಬಾಗಿಲಲ್ಲಿ ಕೂತ್ಕೋತೀನಿ. ರೆಪ್ಪೆ ಮುಚ್ಚಲ್ಲ. ಬೆಳಿಗ್ಗೆ ನನ್ನ ಬಾಯಿಂದಾನೇ ಕೇಳಿ."

ಅವನು ನುಡಿದಂತೆ ಕುಳಿತ. ಆ ರಾತ್ರಿ ಲಾಳಿ ಎಷ್ಟೋ ವಾರಗಳ ದಣಿವನ್ನೆಲ್ಲ ಒಟ್ಟಿಗೆ ಸೇರಿಸಿ ಗೊರಕೆ ಹೊಡೆದಳು. ನನ್ನ ಮನೆಯ ಬಾವಿ ನೀರು ಕಲಕಿ ಮೂರು ದಿನ ತಿಳಿಯಾಗಲಿಲ್ಲ.

ಬೆಳಿಗ್ಗೆ ಬೀದಿಯವರೆಲ್ಲ ಕೆಂಪು ಕಣ್ಣು ಹೊತ್ತು ಗೇಟಿನ ಹತ್ತಿರ ಸೇರಿದೆವು. ಅಪ್ಪ ಇಳಿದು ಬಂದ. ಗೆದ್ದ ಮುಖ. ಎದೆಯ ಮೇಲೆ ಕೈಯಿಟ್ಟು ಹೇಳಿದ: "ನನ್ನ ಮಗಳಾಣೆ, ಒಂದು ಚೂರೂ ಸದ್ದಿಲ್ಲ. ಮಗು ಥರಾ ಮಲಗಿತ್ತು ಕೂಸು."

ಯಾರೋ ಕಿಸಕ್ಕನೆ ನಕ್ಕರು. ನಾನೇ ಇರಬೇಕು. ಟೀಚರಮ್ಮ ಅವನ ಬೆನ್ನ ಹಿಂದೆ ಬಂದು, "ಚಹಾ ಕುಡೀತೀರಾ?" ಅಂದರು. ಅವನು ತಿರುಗಲಿಲ್ಲ. ಇನ್ನೊಮ್ಮೆ ಕೇಳಿದರು. ಅವನು ನಮ್ಮನ್ನೇ ನೋಡುತ್ತಾ, "ಈಗ ಏನಂತೀರಿ?" ಅಂತಿದ್ದ. ಟೀಚರಮ್ಮ ನನ್ನನ್ನೊಮ್ಮೆ ನೋಡಿದರು, ಆಮೇಲೆ ಕೈಯಲ್ಲಿದ್ದ ಹಿತ್ತಾಳೆಯ ಕೊಡವನ್ನು ಕಲ್ಲಿನ ಮೇಲೆ ಬಿಟ್ಟರು.

ಬೀದಿಗೆ ಬೀದಿಯೇ ಬೆಚ್ಚಿತು. ಅವನೊಬ್ಬನೇ ಬೆಚ್ಚಲಿಲ್ಲ. ನಾವೆಲ್ಲ ಬೆಚ್ಚಿದ್ದನ್ನು ನೋಡಿ, ಏನಾಯಿತೆಂದು ತಿರುಗಿದ. ಕೊಡ ಇನ್ನೂ ಉರುಳುತ್ತಿತ್ತು. ಅದು ನಿಲ್ಲುವ ತನಕ ನೋಡಿದ. ಆಮೇಲೆ ಮೆಟ್ಟಿಲ ಮೇಲೆ ನಿಂತ ಮಗಳನ್ನು ನೋಡಿದ.

ಆ ಮನೆಯಲ್ಲಿ ಎಲ್ಲರೂ ಎಲ್ಲರಿಗೂ ಕೂಗುತ್ತಿದ್ದರಲ್ಲ. ಅಪ್ಪನ ಕಿವಿ ಹೋದದ್ದು ಯಾವಾಗ ಅಂತ ಯಾರಿಗೆ ತಿಳಿಯಬೇಕು? ಅವನಿಗೇ ತಿಳಿದಿರಲಿಲ್ಲ.

ಅವನು ಬೆರಳುಗಳನ್ನು ಎತ್ತಿ ಏನೋ ಕೇಳಿದ. ಮಗಳು ಬೆರಳಲ್ಲೇ ಏನೋ ಹೇಳಿದಳು. ಒಬ್ಬರ ಮೇಲೊಬ್ಬರು ಕೂಗದೆ ಅವರಿಬ್ಬರು ಮಾತಾಡಿದ್ದನ್ನು ನಾವು ನೋಡಿದ್ದು ಆಗಲೇ.

ಮನೆಗೆ ನಡಿ ಅನ್ನುವ ಮಾತನ್ನು ಅಪ್ಪ ಮತ್ತೆ ಎತ್ತಲಿಲ್ಲ. "ಆ ಮಗ್ಗದ ಗೋಡೆ ಪಕ್ಕ ಇನ್ನು ನೀನು ಮಲಗ್ಬೇಡ" ಅಂದ, ಅಷ್ಟೇ. ಲಾಳಿ ಆಸೆಯಿಂದ ಅವನನ್ನು ಐಸ್ ಫ್ಯಾಕ್ಟರಿಗೆ ಕರೆದುಕೊಂಡು ಹೋದಳು. ಸಾಕ್ಷಿಗಿರಲಿ ಅಂತ ನನ್ನನ್ನೂ ಎಳೆದುಕೊಂಡು ಹೋದರು. ಮೇಲಿನ ಕೋಣೆಯಲ್ಲಿ ಅಪ್ಪ ಏನನ್ನೂ ನೋಡಲಿಲ್ಲ, ಯಾರನ್ನೂ ಕೇಳಲಿಲ್ಲ. ಗೋಡೆಗೆ ಅಂಗೈ ಒತ್ತಿ ನಿಂತ. ನಡುಕ ಅವನ ಮೊಣಕೈವರೆಗೂ ಹತ್ತುವುದು ಕಾಣುತ್ತಿತ್ತು.

"ಇದು ಬೇಡ."

"ಅಪ್ಪಾ, ಬೇರೆ ಎಲ್ಲೂ ಜಾಗ ಇಲ್ಲ. ಪರೀಕ್ಷೆ ಬಂತು. ಇಲ್ಲಾದ್ರೆ ನಿದ್ದೆ ಬರುತ್ತಪ್ಪಾ."

ಅವಳ ತುಟಿಗಳನ್ನೇ ನೋಡುತ್ತಿದ್ದ ಅಪ್ಪ ಮೆಲ್ಲಗೆ ಹೇಳಿದ: "ನಂಗೂ ಬರ್ತಿತ್ತು ಕಣವ್ವಾ."

ಅವಳು ಅವನ ಕೈ ಹಿಡಿದಳು, ಅತ್ತಳು, ಕೊನೆಗೆ ನೆಲದ ಮೇಲೇ ಕುಳಿತುಬಿಟ್ಟಳು. ಅವನು ಜಗ್ಗಲಿಲ್ಲ. ಕೆಳಗೆ ಯಂತ್ರ ತನ್ನ ಪಾಡಿಗೆ ತಾನು ಬಡಿದುಕೊಳ್ಳುತ್ತಿತ್ತು. ಅದಕ್ಕೇನು, ಅದು ಯಾರಿಗೂ ಅಪ್ಪ ಅಲ್ಲ.

ಟೀಚರಮ್ಮ ಕರಗಿದರು. ಕರಗಿದರೂ ಮಹಡಿ ಕೊಡಲಿಲ್ಲ. ಹಿತ್ತಲ ಮೂಲೆಯಲ್ಲಿ, ಬಟ್ಟೆ ಒಗೆಯುವ ಕಲ್ಲಿನ ಆಚೆ ಮುರಿದ ಕುರ್ಚಿಗಳನ್ನು ತುಂಬಿದ್ದ ತಗಡಿನ ಕೊಠಡಿಯೊಂದಿತ್ತು. "ದೂರ ಇದೆ, ಅಲ್ಲಿ ಹೇಗಾದ್ರೂ ಇರು. ಆದ್ರೆ ಬೀದಿಯೋರು ಇನ್ನೊಂದು ಸಲ ಬಂದ್ರೆ ನಾನೂ ಏನೂ ಮಾಡೋಕಾಗಲ್ಲ." ಅಪ್ಪ ಕುರ್ಚಿಗಳನ್ನೆಲ್ಲ ಹೊರಗೆ ಹೊತ್ತು ಹಾಕಿ, ನೆಲ ತೊಳೆದು, ಸಂಜೆಯ ಬಸ್ಸು ಹಿಡಿದ.

ಗೊರಕೆ ನಿಂತಿತು. ಬೀದಿ ಟೀಚರಮ್ಮನನ್ನು ಹೊಗಳಿತು. ತಗಡಿನ ಗುಣ ಅಂದರು, ನಾಟಿ ಔಷಧಿ ಅಂದರು. ನಾನು ನೀರು ಸೇದಲು ನಸುಕಿನಲ್ಲೇ ಏಳುವವನು. ನನ್ನ ಬಾವಿಕಟ್ಟೆಯಿಂದ ಟೀಚರಮ್ಮನ ಮನೆ ಪಕ್ಕದ ಸಂದಿಯಲ್ಲಿ ಹಿತ್ತಲು ಕಾಣುತ್ತಿತ್ತು; ಅವಳು ಒಗೆಯುವ ಕಲ್ಲಿನ ಮೇಲೆ ಪುಸ್ತಕ ಹಿಡಿದು ಕುಳಿತಿರುತ್ತಿದ್ದಳು. ಅದೇ ಪುಟ, ಅದೇ ಊದಿದ ಕಣ್ಣು. ಅಷ್ಟು ನಿಶ್ಶಬ್ದದಲ್ಲಿ ಅವಳಿಗೆ ನಿದ್ದೆಯೇ ಹತ್ತುತ್ತಿರಲಿಲ್ಲ. ಹತ್ತಿದರೆ ಜಾಗ ಹೋಗುತ್ತದೆಂಬ ಹೆದರಿಕೆ ಬೇರೆ. ನಿದ್ದೆಯಿಲ್ಲದವಳಿಗೆ ಗೊರಕೆ ಎಲ್ಲಿಂದ ಬರಬೇಕು?

ಪ್ರತಿ ಭಾನುವಾರ ಅಪ್ಪನ ಫೋನು ಬರುತ್ತಿತ್ತು.

"ನಿದ್ದೆ ಚೆನ್ನಾಗಿ ಬರ್ತಿದೆಯೇನವ್ವಾ?"

"ಬರ್ತಿದೆ ಅಪ್ಪಾ."

"ಏನು?"

"ಬರ್ತಿದೆ."

"ಕೇಳಿಸ್ಲಿಲ್ಲ, ಜೋರಾಗಿ ಹೇಳು."

ಅವಳು ಹಿತ್ತಲ ನಡುವೆ ನಿಂತು, ಕಣ್ಣು ಮುಚ್ಚಿ, ಇದ್ದಬದ್ದ ಉಸಿರೆಲ್ಲ ಸೇರಿಸಿ ಕೂಗುತ್ತಿದ್ದಳು: "ಚೆನ್ನಾಗಿ ಬರ್ತಿದೆ ಅಪ್ಪಾ." ಇಡೀ ಬೀದಿಗೆ ಕೇಳಿಸುತ್ತಿತ್ತು. ಟೀಚರಮ್ಮ ಅಡುಗೆಮನೆಯ ಕಿಟಕಿ ಮುಚ್ಚಿಕೊಳ್ಳುತ್ತಿದ್ದರು. ನಾವು ಯಾರೂ ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲ.