ಒಂದೇ ಕೋವಿಯ ತೋಟೆಗಳು

ಹರಿಣಾಕ್ಷಿ ತಾಳ್ಮೆಯ ಹೆಂಗಸು ಎಂದು ಬಹರೈನಿನಲ್ಲಿದ್ದ ಮಂಗಳೂರಿನವರೆಲ್ಲ ಹೊಗಳುತ್ತಿದ್ದರು. ಹೊಗಳುವವರ ಗಂಟೇನು ಹೋಗುತ್ತದೆ? ತಾಳ್ಮೆಯವಳು ಒಬ್ಬಳಿದ್ದರೆ ಸುತ್ತಲಿನ ಹತ್ತು ಜನಕ್ಕೆ ಅನುಕೂಲ. ಬೆಳಿಗ್ಗೆ ಈಸಾ ಟೌನಿನ ಶಾಲೆಯೊಂದರ ಆಫೀಸಿನಲ್ಲಿ ಕೆಲಸ, ಮಧ್ಯಾಹ್ನದಿಂದ ಮನೆ. ಹಬ್ಬ ಬಂತೆಂದರೆ ಗಂಡನ ಕಂಪೆನಿಯ ದೊಡ್ಡವರಿಗೆಲ್ಲ ಡಬ್ಬಿ ತುಂಬ ಚಕ್ಕುಲಿ, ಪತ್ರೊಡೆ. ಗಂಡ ವಸಂತಕುಮಾರ ಸಲ್ಮಾಬಾದಿನ ಗೋದಾಮೊಂದರ ಮ್ಯಾನೇಜರು. ಇವಳು ಎಣ್ಣೆ ಬಾಣಲೆಯ ಮುಂದೆ ಬೆವರುವುದು, ಅವನು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಕೊಟ್ಟು ಬರುವುದು. ಕೊಟ್ಟವನಿಗೆ ಹೆಸರು.

ತನ್ನದು ಅಂತ ಅವಳು ಇಟ್ಟುಕೊಂಡಿದ್ದು ಒಂದೇ, ಗುರಿ ಹೊಡೆಯುವುದು. ಕಾಲೇಜಿನ ಎನ್‌ಸಿಸಿಯಲ್ಲಿ ಹತ್ತಿದ ಹುಚ್ಚು, ಮದುವೆಯಾದ ಮೇಲೆ ಮೂಲೆ ಸೇರಿತ್ತು. ತೊಂಬತ್ತೆರಡರಲ್ಲಿ, ಅವಾಲಿ ಊರಿನಾಚೆ ಮರಳುಗಾಡಿನಲ್ಲಿದ್ದ ಒಂದು ಕ್ಲಬ್ಬಿಗೆ ಹೆಂಗಸರನ್ನೂ ಸೇರಿಸಿಕೊಳ್ಳುತ್ತಾರೆಂದು ತಿಳಿದಾಗ ಮೊದಲ ವಾರವೇ ಹೋಗಿ ಹೆಸರು ಬರೆಸಿದಳು. ಗಂಡ ಬೇಡವೆನ್ನಲಿಲ್ಲ. ಅವನ ಜನರಲ್ ಮ್ಯಾನೇಜರ್ ಧನಂಜಯ ಅದೇ ಕ್ಲಬ್ಬಿನ ಸದಸ್ಯ, ಬೆಂಗಳೂರಿನವ. ಬೇಡವೆನ್ನದಿದ್ದಕ್ಕೆ ಕಾರಣ ಅದು, ಹೆಂಡತಿಯ ಮೇಲಿನ ಪ್ರೀತಿಯಲ್ಲ.

ಕೋವಿಯಲ್ಲಿ ದೂರದ ಗುರಿ ಹೊಡೆಯುವವರು ಅಂಗಡಿಯ ತೋಟೆಯನ್ನು ನಂಬುವುದಿಲ್ಲ. ಹಾರಿಸಿ ಉಳಿದ ಹಿತ್ತಾಳೆಯ ಕೊಳವೆಗೆ ತಾವೇ ಮದ್ದು ತೂಗಿ ಹಾಕಿ, ತಾವೇ ಗುಂಡು ಕೂರಿಸುತ್ತಾರೆ. ಮದ್ದೆಲ್ಲ ಕ್ಲಬ್ಬಿನ ಬೀಗದೊಳಗೆ, ಅಲ್ಲಿನ ಕೋಣೆಯಲ್ಲೇ ಕೆಲಸ. ಕೋಣೆ ನೋಡಿಕೊಳ್ಳುತ್ತಿದ್ದ ಬಜ್ಪೆಯ ಮಾರ್ಸೆಲಿನ್ ಅವಳಿಗೆ ಇದನ್ನು ಕಲಿಸಿದ. ಗುಟ್ಟಿರುವುದು ಆ ಹಿತ್ತಾಳೆಯಲ್ಲಿ. ಒಮ್ಮೆ ಹಾರಿಸಿದರೆ ಅದು ಉಬ್ಬಿ ಆ ಕೋವಿಯ ಒಳಗಿನ ಆಕಾರವನ್ನೇ ತಳೆಯುತ್ತದೆ. ಆಮೇಲೆ ಕೊಳವೆಯ ಕುತ್ತಿಗೆಯನ್ನಷ್ಟೇ ಕಿರಿದುಮಾಡಿ ಮತ್ತೆ ತುಂಬಿದರೆ ಆ ಕೋವಿಗೆ ಅಳತೆ ಕೊಟ್ಟು ಹೊಲಿಸಿದ ರವಿಕೆಯ ಹಾಗೆ ಕೂರುತ್ತದೆ. ಇನ್ನೊಂದು ಕೋವಿಗೆ ಆಗಿಬರುವುದಿಲ್ಲ. ಬಲವಂತವಾಗಿ ತುರುಕಿ ಹಾರಿಸಿದರೆ ಹಾರಿಸಿದವನ ಮುಖಕ್ಕೇ ಅಪಾಯ. ಒಬ್ಬರ ತೋಟೆಯನ್ನು ಇನ್ನೊಬ್ಬರು ಮುಟ್ಟಬಾರದು ಎಂಬುದು ಅಲ್ಲಿ ಎಲ್ಲರಿಗೂ ಮೊದಲ ದಿನ ಹೇಳುವ ಮಾತು.

ಕೋವಿಗಳು ಕ್ಲಬ್ಬಿನವು. ವರ್ಷದ ಪಂದ್ಯದಲ್ಲಿ ಮೊದಲ ಮೂವರಿಗೆ ಮಾತ್ರ ಒಂದೊಂದು ಕೋವಿ ಇಡೀ ವರ್ಷಕ್ಕೆ ಮೀಸಲು. ಉಳಿದವರು ಅಂದು ಖಾಲಿ ಇದ್ದುದನ್ನು ಹಿಡಿದು ತೃಪ್ತಿಪಡಬೇಕು. ಕ್ಲಬ್ಬು ಸೇರಿದ ಮರುವರ್ಷ ಎರಡನೆಯವಳಾಗಿ ಬಂದು ಅವಳು ಒಂದು ಕೋವಿ ಗಿಟ್ಟಿಸಿಕೊಂಡಿದ್ದಳು. ಮುಂದಿನ ಪಂದ್ಯದಲ್ಲಿ ಮೂವರೊಳಗೆ ಬಾರದೆ ಹೋದರೆ ಕೋವಿ ಕೈತಪ್ಪುತ್ತದೆ, ಅದರ ಅಳತೆಗೆ ತಿದ್ದಿಟ್ಟುಕೊಂಡ ಹಿತ್ತಾಳೆಯೆಲ್ಲ ಗುಜರಿಗೆ. ಹಾಗಾಗಿ ಪಂದ್ಯಕ್ಕೆಂದೇ ಒಂದು ಡಬ್ಬಿ ತೋಟೆ ಮಾಡಿದಳು. ತೂಕದಲ್ಲಿ ಕೂದಲೆಳೆ ವ್ಯತ್ಯಾಸ ಕಂಡರೂ ಬದಿಗಿಟ್ಟು, ಮತ್ತೆ ತೂಗಿ, ಚಳಿಗಾಲದ ಶುಕ್ರವಾರಗಳನ್ನೆಲ್ಲ ಅದಕ್ಕೇ ಸುರಿದಳು.

ಪಂದ್ಯದ ಬೆಳಿಗ್ಗೆ ಕ್ಲಬ್ಬಿನ ಕೋಣೆಯ ಕಪಾಟು ತೆರೆದರೆ ಡಬ್ಬಿ ಇಲ್ಲ.

ಮಾರ್ಸೆಲಿನ್ ಅವಳ ಮುಖ ನೋಡಿಯೇ ಗಾಬರಿಯಾದ. ನಿಮ್ಮ ಯಜಮಾನರು ನಿನ್ನೆ ಬಂದು ತೆಗೆದುಕೊಂಡು ಹೋದರಲ್ಲ, ನೀವೇ ಹೇಳಿ ಕಳಿಸಿದ್ದು ಅಂದುಕೊಂಡೆ ಎಂದ. ಗಂಡ ಬಂದು ಕೈಚಾಚಿದ ಮೇಲೆ ಹೆಂಡತಿಯನ್ನು ಕೇಳುವುದೇನಿದೆ! ಹಾಗೆ ಅಂದುಕೊಳ್ಳದ ಗಂಡಸು ಆ ದ್ವೀಪದಲ್ಲಿ ಒಬ್ಬನಾದರೂ ಇದ್ದನೋ ಇಲ್ಲವೋ.

ಹೊರಗೆ ಬಂದು ನೋಡಿದಳು. ಗುರಿಕಟ್ಟೆಯಲ್ಲಿ ಧನಂಜಯ ಮಲಗಿ ಕೋವಿ ಹಿಡಿದಿದ್ದ. ಹಿಂದೆ ನೀರಿನ ಬಾಟಲಿ ಹಿಡಿದುಕೊಂಡು, ಹಲ್ಲು ಕಿರಿಯುತ್ತ, ವಸಂತಕುಮಾರ. ಆ ಕ್ಷಣಕ್ಕೆ ಎಲ್ಲ ಅರ್ಥವಾಯಿತು. ಚಕ್ಕುಲಿ ಡಬ್ಬಿ ಒಯ್ದ ಹಾಗೆ ತೋಟೆ ಡಬ್ಬಿಯನ್ನೂ ಒಯ್ದು ಕೊಟ್ಟಿದ್ದಾನೆ. ಹೆಂಡತಿ ಮಾಡಿದ್ದಲ್ಲವೇ, ಇನ್ನೇನು! ಅವಳ ಮೈಯೆಲ್ಲ ಉರಿದುಹೋಯಿತು. ಮದುವೆಯಾಗಿ ಹದಿನಾಲ್ಕು ವರ್ಷ ನುಂಗಿದ್ದೆಲ್ಲ ಒಟ್ಟಿಗೆ ಎದ್ದು ಬಂತು.

ಅಷ್ಟರಲ್ಲಿ ಧನಂಜಯನ ಕೋವಿಯಲ್ಲಿ ತೋಟೆಯನ್ನು ಒಳತಳ್ಳುವ ಬೋಲ್ಟು ಅರ್ಧಕ್ಕೇ ನಿಂತಿತು. ಅವನು ಅಂಗೈಯಿಂದ ಅದನ್ನು ಗುದ್ದತೊಡಗಿದ. ಅವಳಿಗೆ ಗೊತ್ತಾಯಿತು, ಒಳಗಿರುವುದು ತನ್ನ ತೋಟೆ. ಗುದ್ದಲಿ, ಇನ್ನಷ್ಟು ಗುದ್ದಲಿ ಎಂದು ಒಂದು ಗಳಿಗೆ ಅವಳಿಗೆ ಅನ್ನಿಸಿದ್ದು ನಿಜ. ಅನ್ನಿಸದಿದ್ದರೆ ಅವಳು ಮನುಷ್ಯಳೇ ಅಲ್ಲ. ಆದರೆ ಕಾಲು ಆಗಲೇ ಓಡುತ್ತಿತ್ತು.

"ಅದನ್ನು ಮುಟ್ಬೇಡಿ. ಅದು ನನ್ನ ಕೋವಿಯ ತೋಟೆ, ನಿಮ್ಮದ್ರಲ್ಲಿ ಹಾರಿಸಿದ್ರೆ ಕಣ್ಣು ಹೋಗ್ತದೆ" ಎಂದಳು. ಎಲ್ಲರಿಗೂ ಕೇಳುವ ಹಾಗೆಯೇ ಹೇಳಿದಳು.

ಗುರಿಕಟ್ಟೆಯ ಅಧಿಕಾರಿ ಕೈಯೆತ್ತಿ ಎಲ್ಲರನ್ನೂ ನಿಲ್ಲಿಸಿದ. ಧನಂಜಯ ಕೆಟ್ಟವನಲ್ಲ, ಮುಖ ಬಿಳಿಚಿಕೊಂಡು ಎದ್ದ. "ಸಾರಿ ಮೇಡಂ, ವಸಂತ್ ಗಿಫ್ಟ್ ಅಂತ ಕೊಟ್ರು. ನನ್ನ ಗನ್‌ಗೇ ಅಂತ ನೀವೇ ಮಾಡಿ ಕಳ್ಸಿದ್ದು ಅನ್ಕೊಂಡೆ. ನನ್ನ ರೌಂಡ್ಸ್ ಜೊತೆ ಒಂದೇ ಬಾಕ್ಸ್‌ಗೆ ಹಾಕ್ಬಿಟ್ಟಿದ್ದೀನಿ" ಎಂದ.

ಅಲ್ಲಿಗೆ ಮುಗಿಯಿತು. ಇಬ್ಬರದೂ ಒಂದೇ ಮಾರ್ಕಿನ ಹಿತ್ತಾಳೆ, ಒಂದೇ ಬಗೆಯ ಗುಂಡು, ಹೊರಗಿನಿಂದ ನೋಡಿ ಬೇರ್ಪಡಿಸುವುದು ಸಾಧ್ಯವಿರಲಿಲ್ಲ. ಯಾರು ತುಂಬಿದ್ದೆಂದು ಗೊತ್ತಿಲ್ಲದ ತೋಟೆಯನ್ನು ಕಟ್ಟೆಗೆ ತರುವಂತಿಲ್ಲ ಎಂದು ಅಧಿಕಾರಿ ಇಡೀ ಬಾಕ್ಸನ್ನೇ ಎತ್ತಿಕೊಂಡು ಹೋದ. ಹರಿಣಾಕ್ಷಿಗೆ ಅಂಗಡಿಯ ತೋಟೆ ಕೊಟ್ಟರು. ಹಲ್ಲು ಕಚ್ಚಿಕೊಂಡು ಹೊಡೆದಳು. ಆದರೆ ಅಂಗಡಿಯ ಗುಂಡುಗಳು ಒಂದು ಅಲ್ಲಿ ಒಂದು ಇಲ್ಲಿ ಬಿದ್ದವು. ನಾಲ್ಕನೆಯವಳಾದಳು. ಸಂಜೆಗೆ ಮುಂಚೆಯೇ ಅವಳ ಕೋವಿಗೆ ಬೇರೆಯವರ ಹೆಸರಿನ ಚೀಟಿ ಅಂಟಿತು.

ವಾಪಸು ಬರುವಾಗ ವಸಂತಕುಮಾರ ಕಾರು ಓಡಿಸುತ್ತ ಸಮಾಧಾನದ ದನಿಯಲ್ಲಿ, ಎಲ್ಲರೆದುರು ಹಾಗೆ ಹೇಳಿದ್ದಕ್ಕೆ ಸಾಹೇಬರಿಗೆ ಏನೂ ಬೇಸರವಿಲ್ಲವಂತೆ ಎಂದು ಸುದ್ದಿ ಕೊಟ್ಟ. ಸಾಹೇಬರ ಬೇಸರ! ಅವಳಿಗೆ ನಗುವೇ ಬರಬೇಕಿತ್ತು, ಬರಲಿಲ್ಲ.

ದಾರಿಯುದ್ದಕ್ಕೂ ಅವಳು ಮನಸ್ಸಿನಲ್ಲಿ ಇವನ ದಡ್ಡತನಕ್ಕೆ ಬೈಯುತ್ತಿದ್ದಳು. ಪೆದ್ದ, ತೋಟೆಗೂ ತಿಂಡಿಗೂ ವ್ಯತ್ಯಾಸ ತಿಳಿಯದವ ಎಂದುಕೊಳ್ಳುತ್ತಿದ್ದಳು. ಹಾಗೆ ಅಂದುಕೊಂಡರೆ ಸಿಟ್ಟು ತುಸುವಾದರೂ ಹಗುರವಾಗುತ್ತಿತ್ತು.

"ಕೊಡುವ ಮೊದ್ಲು ನನ್ನ ಹತ್ರ ಒಂದು ಮಾತು ಕೇಳ್ಳಿಕ್ಕೆ ನಿಮಗೆ ಏನು ಕಷ್ಟ ಇತ್ತು?" ಎಂದು ಕೇಳಿದಳು.

ಅವನು ರಸ್ತೆಯಿಂದ ಕಣ್ಣು ತೆಗೆಯಲಿಲ್ಲ. "ಕೇಳಿದ್ರೆ ನೀನು ಕೊಡುದಿಲ್ಲ ಅಂತ ಗೊತ್ತಿತ್ತು ಮಾರಾಯ್ತಿ. ಅದಕ್ಕೇ ಕೇಳ್ಲಿಲ್ಲ."

ಹರಿಣಾಕ್ಷಿ ಕಾರು ನಿಲ್ಲಿಸಲು ಹೇಳಿದಳು. ಪೆದ್ದನೆಂದು ಬೈದುಕೊಳ್ಳುವ ಸಮಾಧಾನವೂ ಇನ್ನು ಇರಲಿಲ್ಲ. ಈಸಾ ಟೌನಿಗೆ ಹೋಗುವ ರಸ್ತೆಯ ಪಕ್ಕದಲ್ಲಿ ಇಳಿದು ಬಾಗಿಲು ಹಾಕಿ, ಮನೆಯ ಕಡೆಯಲ್ಲದ ಕಡೆಗೆ ನಡೆಯತೊಡಗಿದಳು.